ಕಿಸೇದಾಗಿನ ವಾಲ್ವ್

ರಾಯಚೂರು,
ಸೋಮವಾರ

ಹಂಪಣ್ಣ ಕಾಕಾರಿಗೆ ಅಮೀನನ ಸಲಾಂ.

ನಾನೇ ಬರಬೇಕಿತ್ತು, ಮಾರಿ ತೋರಸಾಕ ಆಗವಲ್ದು. ದೇವದುರ್ಗದ ಬಸ್ಸಿನ ಕಂಡಕ್ಟರ್ ಕೈಯಾಗ ಈ ಡಬ್ಬಿ ಕಳಿಸಾಕತ್ತೀನಿ. ಹತ್ತಿ ಸರಿಸಿ ನೋಡ್ರಿ, ನಿಮ್ಮ ಮೈಕ್ ಸೆಟ್ಟಿನ ಆಂಪ್ಲಿಫೈಯರಿಂದು, ಬಲ್ಬಿನಂಥ ಗಾಜಿನ ವಾಲ್ವ್ ಅದ. ಒಡದಿಲ್ಲ.

ಮೌತ್ ಆರ್ಗನ್ ಊದೋರು ಮೈಕನ್ನ ಕೈಯಾಗ ಮುಚ್ಚಿ ಹಿಡೀತಾರ, ಜೋರು ಹೆಚ್ಚಾದ್ರ ಸೆಟ್ ಕಿರಚ್ತದ, ಅದಕ್ಕ ಜೋರು ಕಡಿಮಿ ಇರೋ ವಾಲ್ವೇ ಬೇಕು ಅಂತ ನೀವು ಹೇಳಿದ್ರಿ. ಮಾನ್ವಿ ಮದುವ್ಯಾಗ ಹಿಂದ ಕುಂತೋರಿಗೂ ನಾ ಊದೋದು ಕೇಳಲಿ ಅಂತ, ನೀವು ಊಟಕ್ಕ ಎದ್ದಾಗ ಇದನ್ನ ತಗದು ನಿಮ್ಮ ಪೆಟಿಗ್ಯಾಗಿದ್ದ ಜೋರಿನ ವಾಲ್ವ್ ಹಾಕಿದೆ. ಊದಿದ ಕೂಡ್ಲೆ ಸೆಟ್ ಕಿರಚಿತು. ಮಲಗಿದ್ದ ಕೂಸುಗಳು ಎದ್ದು ಅಳಾಕ ಹತ್ತಿದವು. ನೀವು ಎಂಜಲ ಕೈಲೇ ಓಡಿ ಬಂದು, ಬೀಗರ ಮುಂದ ನಿಂತು, "ಸೆಟ್ ಹಳೇದ್ರಿ, ತಪ್ಪು ನಂದು" ಅಂದ್ರಿ. ನಾನು ಬಾಜೂಕ ನಿಂತಿದ್ದೆ. ಈ ವಾಲ್ವ್ ನನ್ನ ಕಿಸೇದಾಗ ಇನ್ನಾ ಬೆಚ್ಚಗಿತ್ತು.

ಸೆಟ್ ಗುಜರಿಗೆ ಹಾಕ್ತೀರಂತ ನಿಮ್ಮ ಮಗಳು ಸುನಂದಕ್ಕ ಹೇಳಿದ್ರು. ಹಾಕಬ್ಯಾಡ್ರಿ. ಒಳಗಿಂದು ತಗದು ಇದನ್ನ ಹಾಕಿ, ನಂಗ ಫೋನ್ ಹಚ್ರಿ. ನನ್ನ ಜೋಡಿ ಮಾತಾಡಬ್ಯಾಡ್ರಿ. ಫೋನ್ ಸೆಟ್ಟಿನ ಮುಂದ ಇಡ್ರಿ, ಅದು ಕಿರಚದ ನುಡಿಯೋದು ಕೇಳಿದ್ರ ಸಾಕು.

ಅಮೀನ್