ಚಲೋ ಅಂದವಳಿಗೆ

ಶಿವಾಜಿನಗರ
ಶನಿವಾರ ಮಧ್ಯಾಹ್ನ

ನನ್ನ ಜಯಮಾಲಾ,

ನಿನಗೆ ನನ್ನ ಸಲಾಮು, ನಿನ್ನ ಅವ್ವ ಭೀಮಬಾಯಿಯವರಿಗೆ ಶರಣು. ನಿನ್ನ ತಂಗಿಯ ಬಾಣಂತನ ಚೆನ್ನಾಗಿ ನಡೆಯುತ್ತಿದೆಯೆಂದು ಸಾಮಿಯಾ ಹೇಳಿದಳು. ನಾನು ಹೊಲಿದು ಕಳಿಸಿದ ಕುಲಾವಿ ಮಗುವಿಗೆ ದೊಡ್ಡದಾಯಿತಂತೆ. ಆಗಲಿ ಬಿಡು, ತಲೆ ಬೆಳೆಯುತ್ತದೆ.

ದಿನಾ ಫೋನಿನಲ್ಲಿ ಹರಟುವವಳು ಈಗೇಕೆ ಕಾಗದ ಬರೆದಳು ಅಂದುಕೊಳ್ಳುತ್ತೀಯ. ನಿನಗೊಂದು ವಿಷಯ ಹೇಳಬೇಕಾಗಿದೆ. ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ನೀನು ನನ್ನನ್ನು ನಗಿಸಿಬಿಟ್ಟೆ. ವಾಯ್ಸ್ ಮೆಸೇಜು ಮಾಡಿ ಅಳಿಸಿದೆ. ಬರುವ ಶುಕ್ರವಾರ ನಮ್ಮ ಸಿನಿಮಾ ಬಿಡುಗಡೆ. ನೀನು ಅವ್ವನನ್ನು ಕರೆದುಕೊಂಡು ಕಲಬುರಗಿಯಲ್ಲಿ ನೋಡುತ್ತೀಯ, ನಾನು, ಸಾಮಿಯಾ, ಲಕ್ಷ್ಮಿದೇವಿ, ಅಂಗಡಿಯ ಮೂವರೂ ಇಲ್ಲಿ ನೋಡುತ್ತೇವೆ. ನೀನು ಥಿಯೇಟರಿನೊಳಗೆ ಕಾಲಿಡುವ ಮೊದಲು ಇದನ್ನು ಓದಿರಬೇಕು. ಓದಿದ ಮೇಲೂ ಊರಿನಿಂದ ವಾಪಸು ಬಂದು ಮುಂದಿನ ಸಿನಿಮಾಗಳಿಗೆ ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು.

ನಮ್ಮ ಸಿನಿಮಾ ಅಂದೆ ನೋಡು. ನಾವ್ಯಾರೂ ಅದರಲ್ಲಿ ನಟಿಸಿಲ್ಲ, ಅದಕ್ಕೆ ಒಂದು ಗುಂಡಿಯನ್ನೂ ಹಚ್ಚಿಲ್ಲ. ಆದರೂ ರಸೆಲ್ ಮಾರುಕಟ್ಟೆಯ ಹೂವಿನವಳಿಂದ ಹಿಡಿದು ನಮಗೆ ದಾರ, ಲೈನಿಂಗ್ ಕೊಡುವ ಅಂಗಡಿಯವರವರೆಗೆ ಎಲ್ಲರ ಕಿವಿಗೂ ಹಾಗೆಯೇ ಹಾಕಿದ್ದೇನೆ. "ನಮ್ ಅಂಗಡಿ ಹುಡುಗಿ ಹೆಸರು ಪರದೆ ಮೇಲೆ ಬರತ್ತೆ ರೀ. ಕೊನೇಲಿ ಬರತ್ತೆ, ಎದ್ದು ಹೋಗ್ಬೇಡಿ" ಎಂದು ತಾಕೀತು ಮಾಡಿದ್ದೇನೆ. ಹೂವಿನವಳು ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ನಾಲ್ಕು ಸಲ ಹೇಳಿದ್ದೇನಂತೆ.

ನೀನು ನಮ್ಮ ಹೊಲಿಗೆ ಅಂಗಡಿಗೆ ಕೆಲಸಕ್ಕೆ ಬಂದು ಹದಿನೈದು ದಿನವಾಗಿತ್ತು. ಮೊದಲ ಸಲ ನಾಲ್ವರೂ ಹಲಸೂರಿನ ಥಿಯೇಟರಿಗೆ ಭಾನುವಾರ ಬೆಳಗಿನ ಆಟಕ್ಕೆ ಹೋದೆವು. ತಾಯಿ ಮಗನನ್ನು ಗುರುತು ಹಿಡಿಯುವ ದೃಶ್ಯ. ಸಾಮಿಯಾ ಆಗಲೇ ದುಪಟ್ಟಾ ಕಣ್ಣಿಗೆ ಒತ್ತಿಕೊಂಡಿದ್ದಳು, ಲಕ್ಷ್ಮಿದೇವಿ ಎಂದಿನಂತೆ ನಿದ್ದೆಯಲ್ಲಿದ್ದಳು. ನೀನು ಮೆಲ್ಲಗೆ "ಚಲೋ... ಚಲೋ" ಅಂದೆ. ನಮ್ಮ ಮನೆಯ ಉರ್ದುವಿನಲ್ಲಿ ಚಲೋ ಅಂದರೆ ನಡಿ, ಹೋಗೋಣ ಎಂದು. ಹುಡುಗಿಗೆ ಮೈ ಹುಷಾರಿಲ್ಲ ಅಂದುಕೊಂಡು ಬ್ಯಾಗು ಎತ್ತಿಕೊಂಡೆ, ಸಾಮಿಯಾಳನ್ನು ಎಬ್ಬಿಸಿದೆ. ಸಾಮಿಯಾ ಲಕ್ಷ್ಮಿದೇವಿಯನ್ನು ಅಲುಗಿಸಿದಳು. ಕತ್ತಲಲ್ಲಿ ಎಲ್ಲರ ಕಾಲು ತುಳಿದುಕೊಂಡು ಹೊರಗೆ ಬಂದೆವು. ಪಾಪ್‌ಕಾರ್ನ್ ಮಾರುವವನ ಮುಂದೆ ನಿಂತು ಲಕ್ಷ್ಮಿದೇವಿ ಕಣ್ಣುಜ್ಜಿಕೊಳ್ಳುತ್ತಾ, ತನ್ನ ಅರ್ಧ ತಮಿಳಿನಲ್ಲಿ, "ಎನ್ನಾಚು? ಪಡಂ ಮುಗೀತಾ?" ಅಂದಳು.

"ಯಾಕ್ರಿ ಆಪಾ, ಎದ್ದ್ ಬಂದ್ರಿ?" ಎಂದು ನೀನು ನನ್ನನ್ನೇ ಕೇಳಿದೆ.

"ನೀನೇ ಚಲೋ ಅಂದ್ಯಲ್ಲೇ!"

"ಚಲೋ ಅದ ಅಂದೆ ರಿ. ಛಂದ ಅದ ಅಂತ!"

ಆ ದಿನ ನಕ್ಕ ನಗುವಿಗೆ ಗೇಟಿನವನು ಸೋತು ನಮ್ಮನ್ನು ಮತ್ತೆ ಒಳಗೆ ಬಿಟ್ಟ. ಅಂದಿನಿಂದ ನಮ್ಮ ಅಂಗಡಿಯಲ್ಲಿ ಯಾವ ಹೊಸ ಸಿನಿಮಾ ಬಂದರೂ ಮೊದಲ ಪ್ರಶ್ನೆ ಒಂದೇ: ಜಯಮಾಲಾಳ ಚಲೋನೋ, ಆಪಾಳ ಚಲೋನೋ? ನಿನ್ನ ಚಲೋ ಅಂದರೆ ಇನ್ನೊಮ್ಮೆ ನೋಡಬಹುದು. ನನ್ನ ಚಲೋ ಅಂದರೆ ಇಂಟರ್‌ವಲ್ಲಿಗೇ ಎದ್ದು ಬರಬಹುದು.

ಸೋಮವಾರದ ಜಗಳಗಳು ನೆನಪಿವೆಯಾ? ಅಳತೆ ಟೇಪು ಯಾರ ಕೊರಳಲ್ಲಿದೆಯೋ ಮಾತು ಅವರದು, ಉಳಿದವರ ಮೆಷಿನ್ ಓಡುತ್ತಿರಬೇಕು ಎಂಬ ಕಾನೂನು ಮಾಡಿದವಳು ನಾನೇ. ಇಲ್ಲದಿದ್ದರೆ ಒಂದು ಬ್ಲೌಸೂ ಹೊರಗೆ ಹೋಗುತ್ತಿರಲಿಲ್ಲ. ಸಾಮಿಯಾಳಿಗೆ ಹಾಡು ಚೆನ್ನಾಗಿದ್ದರೆ ಸಿನಿಮಾ ಚೆನ್ನಾಗಿತ್ತು. ಲಕ್ಷ್ಮಿದೇವಿ ಅರ್ಧ ಸಿನಿಮಾ ನಿದ್ದೆ ಮಾಡಿ, ಉಳಿದರ್ಧದ ಮೇಲೆ ಎಲ್ಲರಿಗಿಂತ ಜೋರಾಗಿ ವಾದ ಮಾಡುತ್ತಿದ್ದಳು. ನಾನು ಪೇಪರಿನಲ್ಲಿ ಓದಿದವಳ ಹಾಗೆ, ಚಿತ್ರಕಥೆ ಸಡಿಲವಾಗಿದೆ, ಎರಡನೇ ಭಾಗ ಎಳೆದಂತಿದೆ, ಎಂದು ಶುದ್ಧ ಕನ್ನಡ ಬಿಡುತ್ತಿದ್ದೆ. ಟೇಪು ನಿನ್ನ ಕೊರಳಿಗೆ ಬಂದರೆ ಮಾತ್ರ ಒಂದೊಂದೇ ಮೆಷಿನ್ ನಿಂತುಬಿಡುತ್ತಿತ್ತು. "ಹೀರೋ ಹದಿನೆಂಟ್ ಮಂದೀನ ಹೊಡದ. ಅಂಗೀದ್ ಒಂದ್ ಗುಂಡಿ ಹರೀಲಿಲ್ಲ. ಪ್ರಶಸ್ತಿ ಆ ಗುಂಡಿ ಹಚ್ಚಿದಾಕಿಗಿ ಕೊಡ್ರಿ" ಎಂದು ನೀನು ಹೇಳಿದ ದಿನ ಸಾಮಿಯಾ ತನ್ನ ಹೀರೋನ ಪರವಾಗಿ ಎಂಥ ಜಗಳಕ್ಕೆ ಬಿದ್ದಳೆಂದರೆ, ಒಂದು ಬ್ಲೌಸಿಗೆ ಎರಡೂ ಕಡೆ ಎಡಗೈ ತೋಳನ್ನೇ ಹಚ್ಚಿದಳು. ಬಿಚ್ಚಿ ಹೊಲಿದವಳು ನೀನು. ಬಿಚ್ಚುತ್ತಲೇ ವಾದ ಮುಂದುವರಿಸಿದೆ.

ಒಂದು ಸೋಮವಾರ ಮಾತ್ರ ನಿನ್ನ ಪ್ರಶ್ನೆಯನ್ನು ತೇಲಿಸಿಬಿಟ್ಟೆ. ಹಿಂದಿನ ದಿನದ ಸಿನಿಮಾದಲ್ಲಿ ಟೋಪಿ ಹಾಕಿದ ಒಬ್ಬ ಬಂದು "ನಮ್ದುಕೆ ನಿಮ್ದುಕೆ" ಎಂದು ಕನ್ನಡ ಮಾತಾಡಿದ್ದ, ಥಿಯೇಟರ್ ಬಿದ್ದು ಬಿದ್ದು ನಕ್ಕಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನೀನು ಕತ್ತರಿ ಕೆಳಗಿಟ್ಟು ಕೇಳಿದೆ: "ಆಪಾ, ನಿಮ್ ಮನ್ಯಾಗ ಯಾರೂ ಹಂಗ ಮಾತಾಡಂಗಿಲ್ಲ. ಮತ್ತ ನೀವ್ಯಾಕ್ ನಕ್ರಿ?" ನಾನು "ಸಿನಿಮಾ ಕಣೇ, ಬಿಡು" ಅಂದೆ. ನೀನು ಬಿಟ್ಟೆ.

ಬಿಡುವಂಥದ್ದಾಗಿರಲಿಲ್ಲ ಅದು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ, ನಿಮ್ಮ ತಂದೆ ಎಲ್ಲಿ ಎಂದು ಕೇಳಿದಾಗ, "ನಮ್ಮ ಅಬ್ಬಾ ಊರಿಗೆ ಹೋಯ್ತು ಸಾರ್" ಅಂದುಬಿಟ್ಟೆ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕರು. ಅಬ್ಬಾ ಹೋಯ್ತು, ಅಬ್ಬಾ ಹೋಯ್ತು ಎಂದು ವರ್ಷವಿಡೀ ನನ್ನನ್ನು ಕೂಗಿದರು. ಅಂದೇ ಹಟ ಹಿಡಿದೆ. ಪೇಪರನ್ನು ಗಟ್ಟಿಯಾಗಿ ಓದಿ ಓದಿ ನಾಲಿಗೆ ತಿದ್ದಿಕೊಂಡೆ. ಇವತ್ತು ಯಾರಾದರೂ "ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ, ಮುಸ್ಲಿಮರು ಅಂತ ಗೊತ್ತೇ ಆಗಲ್ಲ" ಅಂದರೆ ನಾನು ಥ್ಯಾಂಕ್ಸ್ ಹೇಳುತ್ತೇನೆ. ಎಷ್ಟು ವರ್ಷ ಹಾಗೆ ಥ್ಯಾಂಕ್ಸ್ ಹೇಳಿದ್ದೇನೋ ಲೆಕ್ಕವಿಲ್ಲ.

ಈಗ ಇಂದಿರಾನಗರದ ವಿಷಯಕ್ಕೆ ಬರುತ್ತೇನೆ. ಲಿಂಗರಾಜಪುರದಿಂದ ಕುರ್ತಾ ಹೊಲಿಸಲು ಬರುವ ಕಾಲೇಜು ಹುಡುಗಿ ತೂಬಾ ನಿನ್ನ ಒಂದು ವಿಮರ್ಶೆಯನ್ನು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದ್ದು, ಅದು ಸುತ್ತಾಡಿ ಈ ಸಿನಿಮಾದವರ ಕಿವಿಗೆ ಬಿದ್ದದ್ದು, ಬಿಡುಗಡೆಗೆ ಮುಂಚೆ ಸಿನಿಮಾ ನೋಡಿ ಅಭಿಪ್ರಾಯ ಹೇಳಿ ಎಂದು ಅವರು ನಮ್ಮಿಬ್ಬರನ್ನು ಕರೆದದ್ದು, ಎಲ್ಲವೂ ನಿನಗೆ ಗೊತ್ತು. ಕಲಬುರಗಿ ಕಡೆಯ ಹೆಣ್ಣುಮಗಳು ಕೆ.ಆರ್. ಪುರದಲ್ಲಿ ಕಟ್ಟಡದ ಕೆಲಸಕ್ಕೆ ಬರುವ ಕಥೆ. ಇಂದಿರಾನಗರದ ಚಿಕ್ಕ ಥಿಯೇಟರು, ಮೆತ್ತನೆಯ ಕುರ್ಚಿ, ಎಲ್ಲರ ಕೈಯಲ್ಲೂ ಕಾಫಿ. ಸಿನಿಮಾ ಮುಗಿದ ಮೇಲೆ ಮೈಕು ಕೈಯಿಂದ ಕೈಗೆ ಹೋಯಿತು. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ಎಲ್ಲರೂ ಹೊಗಳಿದರು. ಆಗ ನೀನು ಕೈ ಎತ್ತಿದೆ.

"ನಮಸ್ಕಾರ್ರಿ. ನಾ ಜಯಮಾಲಾ, ಶಿವಾಜಿನಗರದಾಗ ಬ್ಲೌಸ್ ಹೊಲಿತೀನ್ರಿ" ಅಂದೆ. ಮುಂದಿನ ಸಾಲಿನಲ್ಲಿ ಇಬ್ಬರು ಕಿಸಕ್ಕೆಂದರು. ಆ ನಗು ನನಗೆ ಗೊತ್ತಿದ್ದ ನಗು. ಇವಳು ಇನ್ನೊಂದು ಮಾತಾಡಿದರೆ ಇಡೀ ಥಿಯೇಟರ್ ನಗುತ್ತದೆ, ಪಕ್ಕದಲ್ಲಿರುವ ನನ್ನನ್ನೂ ನೋಡಿ ನಗುತ್ತದೆ ಅನ್ನಿಸಿತು.

ನಿನ್ನ ಸೆರಗು ಕುರ್ಚಿಯ ಕೈಗೆ ಸಿಕ್ಕಿಕೊಂಡಿತ್ತು ಎಂದು ನೀನು ಎಲ್ಲರಿಗೂ ಹೇಳುತ್ತೀಯ. "ಕುರ್ಚಿನೇ ಕುಂದ್ರು ಕುಂದ್ರು ಅಂತ ಜಗ್ಗತಿತ್ತು, ನಾ ಕೂಡ್ಲೇ ಇಲ್ಲ" ಎಂದು ಅಂಗಡಿಯಲ್ಲಿ ಅಭಿನಯ ಮಾಡಿ ತೋರಿಸಿದೆ. ಅವ್ವನಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. ನಾನು ಪ್ರತಿ ಸಲವೂ ನಕ್ಕೆ.

ಜಯಮಾಲಾ, ಅದು ಕುರ್ಚಿಯಲ್ಲ, ನನ್ನ ಕೈ. ನಿನ್ನನ್ನು ಕೂರಿಸಲಿಕ್ಕೆಂದು ಸೆರಗು ಹಿಡಿದು ಎಳೆದವಳು ನಾನು. ಒಮ್ಮೆ ಅಲ್ಲ, ಎರಡು ಸಲ.

ನೀನು ಕೆಳಗೆ ನೋಡಲೂ ಇಲ್ಲ. ಸೆರಗು ಕೊಡವಿ ಬಿಡಿಸಿಕೊಂಡು ಹೇಳಿದೆ: "ನಿಮ್ ಹೀರೋಯಿನ್ ಮಾತ್ ಮಾತಿಗಿ ಐತಿ ಐತಿ ಅಂತಾಳ್ರಿ. ನಮ್ ಕಲಬುರಗಿ ಕಡಿ ಅದ ಅಂತೀವಿ. ಅದು ಹೋಗ್ಲಿ. ಕೂಸಿಗಿ ಜ್ವರ ಬಂದದ ಅಂತ ಅಕಿ ಅಳೂ ಮುಂದ ಇಲ್ಲಿ ಎಲ್ಲಾರೂ ನಕ್ರಿ. ಜ್ವರ ಬಂದ್ರ ನಗತಾರೇನ್ರಿ? ಅಕಿ ಮಾತ್ ನೀವು ನಗೂ ಹಂಗ ಮಾಡೀರಿ. ಅದಕ್ಕ ಅಕಿ ಅತ್ರೂ ನಗು ಬರ್ತದ."

ಜ್ವರದ ದೃಶ್ಯಕ್ಕೆ ನಾನೂ ನಕ್ಕಿದ್ದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿರ್ದೇಶಕರು ಎದ್ದು ಬಂದು ನಿನ್ನ ಎದುರು ನಿಂತು, "ಇನ್ನೊಂದ್ಸಲ ಹೇಳಿ, ಬರ್ಕೋತೀನಿ" ಅಂದರು. ಹದಿನೈದು ದಿನ ಬಿಟ್ಟು ಅವರ ಫೋನ್ ಬಂತು. ಮಾತುಗಳನ್ನು ಮತ್ತೆ ಡಬ್ ಮಾಡುತ್ತೇವೆ, ಜಯಮಾಲಾ ಅವರು ಬಂದು ಹೇಳಿಕೊಡಬೇಕು ಎಂದರು. ಜಯಮಾಲಾ ಅವರು!

ಆ ಮೂರು ದಿನ ನಾನು ಗಾಜಿನ ಆಚೆ ಕೂತು ನಿನ್ನನ್ನು ನೋಡಿದೆ. ಅಷ್ಟು ದೊಡ್ಡ ನಟಿ ಹೆಡ್‌ಫೋನು ಹಾಕಿಕೊಂಡು ನಿನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು. "ಅವ್ವಾ, ಹಿಂಗ ಒದರಬ್ಯಾಡ. ಜ್ವರ ಬಂದ ಕೂಸಿನ ಮುಂದ ಯಾರೂ ಒದರಂಗಿಲ್ಲ" ಎಂದು ನೀನು ಅವಳಿಗೆ ಬುದ್ಧಿ ಹೇಳಿದೆ. ಅವಳು ತಗ್ಗಿದ ದನಿಯಲ್ಲಿ ಆ ಮಾತನ್ನು ಮತ್ತೆ ಹೇಳಿದಾಗ ಯಂತ್ರದ ಮುಂದೆ ಕೂತಿದ್ದವನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ನಿನ್ನ ಮೇಲೆ ನನಗೆ ಎಂಥ ಹೆಮ್ಮೆ ಬಂತೆಂದರೆ, ಇವಳು ನಮ್ಮವಳು, ನಮ್ಮ ಅಂಗಡಿಯವಳು ಎಂದು ಎದ್ದು ಕೂಗಬೇಕು ಅನ್ನಿಸಿತು. ಅದೇ ಹೊತ್ತಿಗೆ ನನ್ನ ಬಲಗೈಯನ್ನು ಎಲ್ಲಿ ಇಡಬೇಕೋ ತಿಳಿಯದೆ ಬ್ಯಾಗಿನ ಕೆಳಗೆ ಇಟ್ಟುಕೊಂಡಿದ್ದೆ.

ಕಳೆದ ಭಾನುವಾರ ನೀನಿಲ್ಲದೆ ಮೂವರೇ ಹೊಸ ಸಿನಿಮಾಕ್ಕೆ ಹೋಗಿದ್ದೆವು. ಮತ್ತೆ ಒಬ್ಬ ಮಟನ್ ಅಂಗಡಿಯವನು, ಮತ್ತೆ ನಮ್ದುಕೆ. ಥಿಯೇಟರ್ ನಕ್ಕಿತು. ನನಗೆ ನಗು ಬರಲಿಲ್ಲ. ಸೋಮವಾರ ಟೇಪನ್ನು ನಾನೇ ಕೊರಳಿಗೆ ಹಾಕಿಕೊಂಡೆ. "ನಲವತ್ತೆಂಟು ವರ್ಷದಿಂದ ಶಿವಾಜಿನಗರದಲ್ಲಿದ್ದೀನಿ. ನಮ್ದುಕೆ ಅನ್ನೋನನ್ನ ಸಿನಿಮಾದಲ್ಲಿ ಬಿಟ್ರೆ ಎಲ್ಲೂ ನೋಡಿಲ್ಲ. ನಾವೂ ತಪ್ಪು ಮಾತಾಡ್ತೀವಿ, ಆದ್ರೆ ನಮ್ಮ ತಪ್ಪು ಬೇರೆ. ಅದನ್ನಾದ್ರೂ ಸರಿಯಾಗಿ ತೋರ್ಸ್ಲಿ" ಅಂದೆ. ಆಮೇಲೆ ಏಳನೇ ಕ್ಲಾಸಿನ ಕಥೆಯನ್ನೂ ಹೇಳಿದೆ. ಮೆಷಿನ್‌ಗಳು ನಿಂತಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ. "ಇಷ್ಟ್ ದಿನ ಯಾಕ್ ಹೇಳ್ಲಿಲ್ಲ ಆಪಾ?" ಎಂದು ಸಾಮಿಯಾ ಕೇಳಿದಳು. ಲಕ್ಷ್ಮಿದೇವಿ ಎದ್ದು ಹೋಗಿ ನನಗೊಂದು ಟೀ ತಂದುಕೊಟ್ಟಳು.

ಸೆರಗಿನ ವಿಷಯವನ್ನು ಮಾತ್ರ ಅವರಿಗೆ ಹೇಳಲಿಲ್ಲ. ಅದನ್ನು ಮೊದಲು ನೀನು ಕೇಳಬೇಕು. ಶುಕ್ರವಾರ ಸಿನಿಮಾ ಬಿಟ್ಟ ಮೇಲೆ ಫುಟ್‌ಪಾತಿನಲ್ಲಿ ನಿಂತು ಅವರಿಬ್ಬರಿಗೂ ಹೇಳುತ್ತೇನೆ. ತೂಬಾ ಬಂದರೆ ಅವಳಿಗೂ ಹೇಳುತ್ತೇನೆ, ಮೊಬೈಲಿನಲ್ಲಿ ಹಿಡಿದರೂ ಹಿಡಿಯಲಿ. ಇದನ್ನು ನಿನ್ನ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳು. ಮಗಳು ಎಂಥವಳೆಂದು ಅವರಿಗೆ ಪೂರ್ತಿ ಗೊತ್ತಾಗಲಿ. ಕುರ್ಚಿಯಿಂದ ಸೆರಗು ಬಿಡಿಸಿಕೊಳ್ಳುವುದು ಏನು ಮಹಾ? ನೀನು ಬಿಡಿಸಿಕೊಂಡದ್ದು ನನ್ನ ಕೈಯಿಂದ.

ಸಿಟ್ಟು ಬಂದರೆ ಫೋನ್ ಮಾಡಿ ಬೈಯಿ. ನಾನು ಎತ್ತುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ. ಆಪಾ ಎಂಬ ಮರ್ಯಾದೆಗೆ ಮೆತ್ತಗೆ ಮಾಡಿಕೊಂಡು ಬೆಂಗಳೂರು ಕನ್ನಡದಲ್ಲಿ ಮಾತ್ರ ಬೈಯಬೇಡ. ನಿನ್ನ ಅವ್ವನ ಕನ್ನಡದಲ್ಲಿ ಬೈಯಿ. ನನಗೆ ಪೂರ್ತಿ ಅರ್ಥವಾಗುತ್ತದೆ.

ಅಲ್ಲಾಹ್ ನಿನ್ನ ನಾಲಿಗೆಯನ್ನು ಹೀಗೆಯೇ ಕಾಯಲಿ, ನಿಮ್ಮೂರ ದೇವರು ಶರಣಬಸಪ್ಪನೂ ಕಾಯಲಿ. ನೀನು ಎದ್ದು ನಿಂತ ಕಡೆಯಲ್ಲೆಲ್ಲ ಜನ ನಿನ್ನ ಮಾತು ಮುಗಿಯುವವರೆಗೆ ಕೇಳಲಿ.

ನಿನ್ನ ಬೈಗುಳಕ್ಕೆ ಕಾದು ಕೂತಿರುವ,
ಶಮೀಮ್ ಆಪಾ