ಅಪ್ಪ ಅಧ್ಯಕ್ಷರಾಗದೆ ಹೋದದ್ದು

ತಿರುವಲ್ಲಿಕ್ಕೇಣಿ, ಚೆನ್ನೈ
೧೬ ಮಾರ್ಚ್ ೨೦೦೫

ಭೋಪಾಲದ ರೈಲ್ವೆ ಕ್ವಾರ್ಟರ್ಸನ್ನು ಆಳುತ್ತಿರುವ ಶ್ರೀಪ್ರಿಯಾ ಅಕ್ಕನ ದಿವ್ಯ ಸನ್ನಿಧಿಗೆ, ತಮ್ಮ ಗುರುಚರಣನ ಉದ್ದಂಡ ನಮಸ್ಕಾರಗಳು. (ಮಂಚದ ಮೇಲೆ ಬೋರಲು ಮಲಗಿ ಬರೀತಾ ಇದ್ದೇನೆ. ಅದನ್ನೇ ನಮಸ್ಕಾರ ಅಂತ ಹಿಡ್ಕೋ.)

ನಾವೆಲ್ಲ ಇಲ್ಲಿ ಉಂಡುಟ್ಟುಕೊಂಡು ಇದ್ದೇವೆ. ಭಾವ, ಪುಟ್ಟ ತೃಪ್ತಿ, ನೀನು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಹಿಂದಿನ ಕಾಗದಕ್ಕೇ ಉತ್ತರ ಬರೆದಿಲ್ಲ, ಅಷ್ಟರಲ್ಲಿ ನಿನ್ನ ಇನ್ನೊಂದು ಬಂತು. ತಪ್ಪಾಯಿತು. ಆದರೆ ಇಷ್ಟು ದಿನ ನಾನು ಬರೀ ಬಿ.ಕಾಂ. ಹುಡುಗನಾಗಿರಲಿಲ್ಲ ಅನ್ನೋದು ನಿನ್ನ ಗಮನಕ್ಕೆ ಬರಬೇಕು. ಕನ್ನಡ ಸಂಘದ ಅಧ್ಯಕ್ಷ ಪದವಿಗೆ ನಿಂತಿದ್ದ ಶ್ರೀ ವಿಷ್ಣುತೀರ್ಥಾಚಾರ್ಯರ ಪ್ರಚಾರ ಸಮಿತಿಗೆ ನಾನೇ ಕಾರ್ಯದರ್ಶಿ, ನಾನೇ ಭಾಷಣಕಾರ, ಕುರ್ಚಿ ಹೊರುವವನೂ ನಾನೇ. ಸಮಿತಿಯಲ್ಲಿ ಎರಡನೆಯ ಸದಸ್ಯ ಇರಲಿಲ್ಲ. ಅಭ್ಯರ್ಥಿ ನಮ್ಮಪ್ಪ ಆಗಿರದೆ ಹೋಗಿದ್ದರೆ ಮೊದಲನೆಯವನೂ ಇರುತ್ತಿರಲಿಲ್ಲ.

ಫೋನಿನಲ್ಲಿ ಅಮ್ಮ "ಎಲೆಕ್ಷನ್ ಮುಗೀತು, ಬಿಡು" ಅಂತ ಇಟ್ಟುಬಿಟ್ಟಳು, ಏನಾಯ್ತು ಅಂತ ಸರಿಯಾಗಿ ಬರೀ ಅಂತ ಕೇಳಿದ್ದೀಯ. ಬರೀತೇನೆ, ಕೇಳು.

ಸಂಘದ ಕಟ್ಟಡದ ಹಿಂದಿನ ಕೋಣೆಯಲ್ಲಿ ಅಮ್ಮ ಭಾನುವಾರ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡ್ತಾಳಲ್ಲ, ಈ ಎಲ್ಲ ರಾಮಾಯಣವೂ ಆ ಕೋಣೆಯದ್ದು. ಅಣ್ಣಾ ನಗರ್‌ನ ಮೋಹನ್ ಅಂತ ಒಬ್ಬರು, ಮಂಡ್ಯದ ಕಡೆಯವರು, ಕಾರು ಕಾರ್ಖಾನೆಯಲ್ಲಿ ಮ್ಯಾನೇಜರು. ತಾನು ಅಧ್ಯಕ್ಷನಾದರೆ ಆ ಕೋಣೆ ಒಡೆದು ಅಡುಗೆಮನೆ ದೊಡ್ಡದು ಮಾಡಿ, ಮುಂದಿನ ಹಾಲನ್ನು ಮದುವೆ ಮುಂಜಿಗೆ ಬಾಡಿಗೆಗೆ ಬಿಡ್ತೀನಿ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಅಪ್ಪ, ಜನ್ಮದಲ್ಲಿ ಕ್ಲಾಸ್ ಲೀಡರ್ ಕೂಡ ಆಗದ ನಮ್ಮಪ್ಪ, ನಾಮಪತ್ರ ಹಾಕಿಬಂದರು. "ನಿಮಗ್ಯಾಕೆ ಈ ವಯಸ್ಸಲ್ಲಿ?" ಅಂತ ಅಮ್ಮ ಕೇಳಿದ್ದಕ್ಕೆ, "ಕಾಫಿ ಕೊಡು ರಮಾ" ಅಂದರು. ಅಷ್ಟೇ ಅವರ ಪ್ರಣಾಳಿಕೆ.

ನಮ್ಮ ಸಂಘದ ಚುನಾವಣೆಯ ಕ್ರಮ ನೀನು ಮರೆತಿರಬಹುದು. ಒಂದೊಂದು ಭಾನುವಾರ ಒಂದೊಂದು ಬಡಾವಣೆ. ಅಭ್ಯರ್ಥಿಗಳು ಹೋಗಬೇಕು, ಮಾತಾಡಬೇಕು, ತಿಂಡಿ ಕೊಡಬೇಕು. ಆಮೇಲೆ ಬೆಡ್‌ಶೀಟು ಕಟ್ಟಿದ ಪರದೆಯ ಹಿಂದೆ ಎರಡು ಚೊಂಬು ಇಡ್ತಾರೆ. ತಲೆಗೊಂದು ಬಟ್ಟಡಕೆ. ಬೇಕಾದವರ ಚೊಂಬಿಗೆ ಹಾಕಿ ಬರಬೇಕು. ಎಲ್ಲ ಬಡಾವಣೆ ಮುಗಿದ ಮೇಲೆ ಯುಗಾದಿಯ ದಿನ ಹೆಚ್ಚು ಬಡಾವಣೆ ಗೆದ್ದವರಿಗೆ ಪಟ್ಟಾಭಿಷೇಕ. ಮೊದಲು ಅಣ್ಣಾ ನಗರ್, ಆಮೇಲೆ ಎಣ್ಣೂರು, ಪ್ಯಾರೀಸ್ ಕಾರ್ನರ್, ಕೊನೆಗೆ ನಮ್ಮ ತಿರುವಲ್ಲಿಕ್ಕೇಣಿ ಮತ್ತು ಮಾಂಬಲ.

ಚೊಂಬು ಅವರವರ ಮನೆಯಿಂದಲೇ ತರಬೇಕು. ಅಪ್ಪನದು ಅಜ್ಜಿಯ ಕಾಲದ ಹಿತ್ತಾಳೆ, ಮೋಹನ್ ಅವರದು ಹೊಸಾ ಸ್ಟೀಲು. ಅಡಕೆ ಬಿದ್ದರೆ ಹಿತ್ತಾಳೆ "ದಡ್" ಅನ್ನುತ್ತೆ, ಸ್ಟೀಲು "ಟಿಣ್" ಅನ್ನುತ್ತೆ. ಗುಪ್ತ ಮತದಾನವನ್ನು ಹಾಲಿನ ತುಂಬ ಜನ ಕಿವಿಕೊಟ್ಟು ಕೇಳುವ ವ್ಯವಸ್ಥೆ ಪ್ರಪಂಚದಲ್ಲಿ ಇನ್ನೆಲ್ಲೂ ಇರಲಾರದು. ಇದನ್ನು ನಾನು ಎದ್ದುನಿಂತು, ಕೈಕಟ್ಟಿಕೊಂಡು, ಸಭೆಯ ಗಮನಕ್ಕೆ ತಂದೆ. "ಹಿರಿಯರು ಮಾಡಿದ್ದು, ಸುಮ್ನೆ ಕೂರೋ" ಅಂದರು ಅಪ್ಪ.

ಅಣ್ಣಾ ನಗರ್‌ನ ಭಾನುವಾರ ಏಕಾದಶಿ. ಮಿಕ್ಕದ್ದು ನಿನಗೇ ಗೊತ್ತಾಗಿರಬೇಕು. ಅಪ್ಪ ತಾವು ಉಪವಾಸ, ಸರಿ. ಬಂದವರಿಗಾದರೂ ಉಪ್ಪಿಟ್ಟು ಮಾಡಿಸೋಣ ಅಂದೆ. "ಏಕಾದಶಿ ದಿನ ಊರವರಿಗೆಲ್ಲ ಉಣ್ಣಿಸಿ ಆ ಪಾಪ ಅವರ ತಲೆಗೆ ಕಟ್ಟಲೇನೋ?" ಅಂದರು. ಆಳಿಗೊಂದು ಬಾಳೆಹಣ್ಣು, ಒಂದು ಲೋಟ ನೀರು. ಪಕ್ಕದ ಟೇಬಲ್ಲಿನಲ್ಲಿ ಮೋಹನ್ ಅವರ ಬಿಸಿಬೇಳೆಬಾತು ಹೊಗೆಯಾಡುತ್ತಾ ಇತ್ತು. ಮೇಲೆ ತುಪ್ಪ, ಪಕ್ಕಕ್ಕೆ ಖಾರಾಬೂಂದಿ. ಮೋಹನ್ ಅವರ ತಾಯಿ ಹುಚ್ಚಮ್ಮ ಅಂತ, ಬಲು ಒಳ್ಳೆ ಮುದುಕಿ, ನಮ್ಮ ಬಾಳೆಹಣ್ಣು ಸುಲಿಯುತ್ತಾ ನನ್ನ ಗಲ್ಲ ಹಿಡಿದು, "ನಿಮ್ಮಪ್ಪ ದೇವ್ರಂಥ ಮನ್ಸ ಕಣ್ ಮಗ. ಆದ್ರೆ ಹಸ್ಕಂಡು ಓಟ್ ಹಾಕಕ್ಕಾಯ್ತದಾ?" ಅಂದರು.

ಅಪ್ಪ ಭಾಷಣಕ್ಕೆ ನಿಂತರು. ನಾಲ್ಕು ತಲೆಮಾರು ಮದರಾಸಿನಲ್ಲಿದ್ದೂ ಮನೆಯಲ್ಲಿ ಕನ್ನಡ ಬಿಟ್ಟಿಲ್ಲ ಅಂತ ಹೇಳುತ್ತಾ ಹೇಳುತ್ತಾ ಆವೇಶ ಬಂತು. ಹಿಂದಿನಿಂದ ಯಾರೋ ಏನೋ ಕೇಳಿದಾಗ, ಹೇಳ್ತೀನಿ ಅನ್ನೋ ಬದಲು ತಮಿಳಿನಲ್ಲಿ "ಇರಿ ಇರಿ, ಶೊಲ್ರೇನ್" ಅಂದುಬಿಟ್ಟರು. ಹಾಲಿಗೆ ಹಾಲೇ ನಕ್ಕಿತು. "ಇವರ ಕನ್ನಡ ನಮಗೇ ಅರ್ಥ ಆಗಲ್ಲ, ಇವರು ನಮ್ಮ ಮಕ್ಕಳಿಗೆ ಉಳಿಸ್ತಾರಂತೆ" ಅಂತ ಮೈಸೂರಿನ ಕಡೆಯ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದ್ದು ನಮ್ಮ ಸಾಲಿಗೂ ಕೇಳಿಸಿತು. ನೋಡು ಅಕ್ಕ, ಈ ಊರಿನವರಿಗೆ ನಾವು ಕನ್ನಡದವರು, ಕಾವೇರಿ ಗಲಾಟೆ ಬಂದಾಗ ಸಂಘದ ಬೋರ್ಡಿಗೆ ಬಟ್ಟೆ ಹೊದಿಸಿ ಕೂರುವವರು. ಆ ಊರಿನವರಿಗೆ ನಾವು ತಮಿಳರು.

ಟಿಣ್ ಟಿಣ್ ಟಿಣ್. ಅಪ್ಪ ಕಣ್ಣು ಮುಚ್ಚಿ ಕೂತಿದ್ದರು. ಜಪ ಮಾಡ್ತಾ ಇದ್ದಾರೆ ಅಂತ ಜನ ತಿಳಿದುಕೊಂಡಿರಬೇಕು. ಎಲ್ಲೋ ನಡುವೆ ಒಂದು "ದಡ್" ಆದಾಗ ಅವರ ಹುಬ್ಬು ಏಳುತ್ತಿತ್ತು. ಹಾಗೆ ಹುಬ್ಬು ಎದ್ದದ್ದು ಬಹಳ ಕಡಿಮೆ.

ಎಣ್ಣೂರಿಗೆ ಹೋಗುವ ಹೊತ್ತಿಗೆ ನಮ್ಮ ಸಮಿತಿ ತನ್ನ ತಪ್ಪುಗಳಿಂದ ಪಾಠ ಕಲಿತಿತ್ತು. ಅಮ್ಮ ಬೆಳಗಿನ ಜಾವವೇ ಎದ್ದು ಪುಳಿಯೋಗರೆ ಕಲಸಿದ್ದಳು. ಅಭ್ಯರ್ಥಿಯನ್ನು ಪರಿಚಯಿಸುವ ಭಾರ ನನ್ನದು. ಮಠದಲ್ಲಿ ಸ್ವಾಮಿಗಳು ಬರುವಾಗ ಕೂಗ್ತಾರಲ್ಲ, ಆ ಧಾಟಿಯಲ್ಲಿ, "ಶ್ರೀಮತ್ ತಿರುವಲ್ಲಿಕ್ಕೇಣೀ ಕ್ಷೇತ್ರವಾಸಿ, ಸ್ಟೇಟ್‌ಮೆಂಟ್ ಪರಿಶೋಧನ ಧುರಂಧರ, ನಿವೃತ್ತಿವೇತನ ಭೂಷಿತ, ಒಂದೇ ಛತ್ರಿಯಲ್ಲಿ ಇಪ್ಪತ್ತು ಮಳೆಗಾಲ ಕಳೆದ" ಅಂತ ಶುರುಮಾಡಿದೆ. ವಿದ್ಯುತ್ ಸ್ಥಾವರದ ಇಂಜಿನಿಯರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಕ್ಕರು. ಗೆದ್ದೆವು ಅಂದುಕೊಂಡೆ.

ಪುಳಿಯೋಗರೆ ಎರಡನೇ ಸಲ ಹಾಕಿಸಿಕೊಂಡ ಜಯರಾಮ ಅನ್ನುವ ಇಂಜಿನಿಯರು ಕೈ ತೊಳೆದುಕೊಂಡು ಬಂದು, ಅಪ್ಪನ ಪಕ್ಕದಲ್ಲೇ ಕೂತು, ಬಲು ವಿನಯದಿಂದ ಹೇಳಿದರು: "ಸಾರ್, ನೀವು ಹೇಳೋದೆಲ್ಲಾ ಸರಿ. ಅಮ್ಮಾವ್ರು ಇಷ್ಟು ವರ್ಷ ಒಂದು ಕಾಸು ತಗೊಳ್ದೆ ಪಾಠ ಮಾಡಿದಾರೆ, ಅವರ ಕಾಲಿಗೆ ಬೀಳ್ಬೇಕು. ಆದ್ರೆ ನಮ್ಮ ಹುಡುಗಿ ಎರಡು ಬಸ್ ಹತ್ತಿ ಇಳಿದು ಅಷ್ಟು ದೂರ ಬಂದು ಅ ಆ ಇ ಈ ಕಲಿತು ಏನು ಮಾಡ್ತಾಳೆ ಸಾರ್? ನೀವೇ ಹೇಳಿ. ಮದುವೆ ಹಾಲ್ ಆದ್ರೆ ನಾಳೆ ಅವಳಿಗೇ ಉಪಯೋಗ ಆಗುತ್ತೆ."

ಆ ಹುಡುಗಿ ತೇಜು ಅಲ್ಲೇ ನಿಂತಿದ್ದಳು. ಅಪ್ಪ, "ಏನಮ್ಮ, ನಿನಗೆ ಕನ್ನಡ ಕಲಿಯೋಕೆ ಇಷ್ಟವಾ?" ಅಂತ ಕೇಳಿದರು. ಅವಳು ಅಪ್ಪನ ಕಡೆ ನೋಡಿ ನಕ್ಕು, ತನ್ನ ತಂದೆಯ ತೋಳು ಜಗ್ಗಿ, "ಅಪ್ಪಾ, ಪೋಲಾಮಾ?" ಅಂದಳು. ಹೋಗೋಣವಾ ಅಂತ. ಅದೇ ಎಣ್ಣೂರಿನ ತೀರ್ಪು. ಅಡಕೆ ಬಿದ್ದದ್ದು ಬರೀ ಶಾಸ್ತ್ರಕ್ಕೆ.

ನಮ್ಮನ್ನು ಯಾರಾದರೂ ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು. ಯಾರೂ ಬೈಯಲಿಲ್ಲ, ಅಕ್ಕ. ಎಲ್ಲರೂ ಅಪ್ಪನ ಕೈ ಹಿಡಿದು ಕುಲುಕಿದರು, ನಿಮ್ಮಂಥವರು ಬೇಕು ಸಾರ್ ಅಂದರು, ಹೋಗಿ ಸ್ಟೀಲಿಗೆ ಹಾಕಿ ಬಂದರು. ವಾಪಸು ಬರುವಾಗ ಬಸ್ಸಿನ ಕಿಟಕಿಯಾಚೆ ಎಣ್ಣೂರಿನ ಚಿಮಣಿಗಳು ಹೊಗೆ ಬಿಡುತ್ತಿದ್ದವು. ನಾನು ವಾರ್ತೆ ಓದುವವನ ದನಿಯಲ್ಲಿ, "ವಿಷ್ಣುತೀರ್ಥಾಚಾರ್ಯರ ಪಾಳಯದಲ್ಲಿ ಇಂದು ಸಂಭ್ರಮದ ವಾತಾವರಣ" ಅಂದೆ. ಅಪ್ಪ ನಗಲಿಲ್ಲ. "ಆ ಜಯರಾಮ ಹೇಳಿದ್ದರಲ್ಲಿ ತಪ್ಪೇನಿದೆ ಹೇಳು" ಅಂದರು.

ಆ ವಾರ ಒಂದು ಸಂಜೆ ಅಮ್ಮನ ಹತ್ತಿರ, "ನೀನಾದರೂ ಹೇಳಬಾರದಾ ನಿಲ್ಲಿಸಿ ಅಂತ?" ಅಂದೆ. ಅವಳು ಹುರುಳಿಕಾಯಿ ಮುರಿಯುತ್ತಾ ಕೂತಿದ್ದಳು. "ಕ್ಲಾಸಿಗೆ ಬರೋದು ಈಗ ಮೂರೇ ಮಕ್ಕಳು ಕಣೋ. ಅದರಲ್ಲಿ ಒಂದು ನಮ್ಮ ಪಕ್ಕದ ಮನೆ ತಮಿಳು ಹುಡುಗಿ, ನನ್ನ ಚಕ್ಕುಲಿಗೋಸ್ಕರ ಬರ್ತಾಳೆ. ಮುಚ್ಚಿದರೆ ಮುಚ್ಚಲಿ ಅಂತ ನಾನೇ ಅಂದೆ. ಕೇಳಲ್ಲ ಅವರು. ಇಷ್ಟು ವರ್ಷ ನನ್ನ ಭಾನುವಾರ ಎಲ್ಲಾ ಅಲ್ಲಿ ಹೋಯ್ತಲ್ಲ, ಅದು ಯಾವ ಲೆಕ್ಕಕ್ಕೂ ಬರಲಿಲ್ಲ ಅಂತ ಆಗಬಾರದು ಅಂತಾರೆ." ಇಷ್ಟು ಹೇಳಿ, ಒಲೆ ನೋಡ್ತೀನಿ ಅಂತ ಎದ್ದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಆಮೇಲಿನದು ಪ್ಯಾರೀಸ್ ಕಾರ್ನರ್. ರಾಮದಾಸರ ಪಾತ್ರೆ ಅಂಗಡಿಯ ಮಹಡಿ. ಅಲ್ಲಿ ಎಲ್ಲ ನಮ್ಮ ಹಾಗೇ ಹಳಬರು, ತಮಿಳು ಕಲೆಸಿಕೊಂಡು ಕನ್ನಡ ಆಡುವವರು, ಅಪ್ಪನ ಜೊತೆ ಬೀಚಿನಲ್ಲಿ ವಾಕಿಂಗ್ ಮಾಡುವವರು. "ಏನ್ ಸ್ವಾಮಿ, ಇವತ್ತು ಹಿತ್ತಾಳೆಗೆ ಯೋಗ ಬಂತು, ಕವಲೆ ಬೇಡ, ಚಿಂತೆ ಬಿಡಿ" ಅಂತ ರಾಮದಾಸರು ಅಪ್ಪನ ಬೆನ್ನು ತಟ್ಟಿದರು. ಅಪ್ಪನ ಮಾತೂ ಅವತ್ತು ಚೆನ್ನಾಗಿ ಬಂತು. ಇದೊಂದು ಗೆದ್ದರೆ ತಿರುವಲ್ಲಿಕ್ಕೇಣಿ, ಮಾಂಬಲ ಹೇಗೂ ನಮ್ಮವೇ. ನಾನು ಮನಸ್ಸಿನಲ್ಲೇ ಪೇಟ ಸುತ್ತಲು ಶುರುಮಾಡಿದ್ದೆ.

ಮತದಾನ ನಡೆಯಲಿಲ್ಲ. ಅಪ್ಪ ಅಲ್ಲೇ, ಅಡಕೆ ಹಂಚುವ ಮೊದಲೇ, ಹಿಂದೆ ಸರಿದುಬಿಟ್ಟರು. ರಕ್ತದೊತ್ತಡ ಅಂತ ಸಂಘದ ಸುತ್ತೋಲೆಯಲ್ಲಿ ಹಾಕಿದ್ದಾರೆ. ಮೋಹನ್ ಅವಿರೋಧವಾಗಿ ಆಯ್ಕೆಯಾಗಿದ್ದಾರೆ. ಮನೆಗೆ ಹಣ್ಣು ತಂದು ಅಪ್ಪನ ಕಾಲು ಮುಟ್ಟಿ ಹೋದರು. ಯುಗಾದಿಯ ದಿನ ಅಮ್ಮನಿಗೆ ಶಾಲು ಹೊದಿಸ್ತಾರಂತೆ. ಕೆಟ್ಟವರಲ್ಲ ಅನ್ನೋದೇ ಕಷ್ಟ. ಕಳೆದ ಭಾನುವಾರ ನಾನು, ಅಮ್ಮ ಹೋಗಿ ಕಪ್ಪು ಹಲಗೆಯನ್ನು ಆಟೋದಲ್ಲಿ ಹಾಕಿಕೊಂಡು ಬಂದೆವು. ಇಡೋಕೆ ಜಾಗ ಇಲ್ಲ. ಸ್ನಾನದ ಮನೆ ಗೋಡೆಗೆ ಒರಗಿಸಿದ್ದೇವೆ, ದಿನಾ ಸ್ವಲ್ಪ ಸ್ವಲ್ಪ ನೆನೀತಾ ಇದೆ. ಅಪ್ಪ ವಾಕಿಂಗ್ ಹೋಗ್ತಿಲ್ಲ. ಯಾರಾದರೂ ಸಿಕ್ಕಿ "ಛೇ, ಪಾವಂ" ಅಂತ ಮರುಗ್ತಾರೆ ಅಂತ.

ಇನ್ನು ಸಾಕು. ಭಾವನಿಗೆ ನಮಸ್ಕಾರ ಹೇಳು. ತೃಪ್ತಿಗೆ ಎರಡು ಕೆನ್ನೆಗೂ ಮುತ್ತು. ನಾನು ಚಿಕ್ಕವನು, ಆಶೀರ್ವಾದ ಮಾಡುವ ಅಧಿಕಾರ ಇಲ್ಲ. ಅಮ್ಮನ ಹತ್ತಿರ ಕೇಳಿ ತಂದದ್ದನ್ನು ಇದರ ಜೊತೆ ಇಟ್ಟಿದ್ದೇನೆ: ನೂರು ಕಾಲ ತಣ್ಣಗಿರಿ, ಹೊತ್ತು ಹೊತ್ತಿಗೆ ಉಣ್ಣಿ, ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯಿರಿ.

ವಿಸರ್ಜನೆಗೊಂಡ ಪ್ರಚಾರ ಸಮಿತಿಯ ಪರವಾಗಿ,
ನಿನ್ನ ತಮ್ಮ
ಗುರುಚರಣ

ತಾ.ಕ.: ರಕ್ತದೊತ್ತಡ ಸುಳ್ಳು, ಅಕ್ಕ. "ಬರೀಬೇಡ, ಅವಳು ಅಲ್ಲಿ ಒಬ್ಬಳೇ ಕೂತು ಅಳ್ತಾಳೆ" ಅಂದಿದ್ದಾಳೆ ಅಮ್ಮ. ಬರೆಯದೆ ಕವರು ಅಂಟಿಸೋಕೆ ಆಗ್ತಿಲ್ಲ.

ಪ್ಯಾರೀಸ್ ಕಾರ್ನರ್‌ನಲ್ಲಿ ಅಪ್ಪ ಮಾತು ಮುಗಿಸುತ್ತಾ, ಮನೆಯಲ್ಲಿ ಆಡಿದರೆ ಮಕ್ಕಳು ಎಲ್ಲಿ ಬೆಳೆದರೂ ಭಾಷೆ ಬಿಡಲ್ಲ ಅಂದರು. ರಾಮದಾಸರು ಸಹಾಯ ಮಾಡಲಿಕ್ಕೇ ಎದ್ದು, "ಇವರ ಮೊಮ್ಮಗಳೇ ಸಾಕ್ಷಿ, ಭೋಪಾಲದಲ್ಲಿದಾಳೆ. ಒಂದು ಫೋನ್ ಹಾಕಿ ಸ್ವಾಮಿ, ಎಲ್ಲಾರೂ ಕೇಳಲಿ" ಅಂದರು. ಅಪ್ಪನ ಮುಖ ಅರಳಿದ್ದು ನೀನು ನೋಡಬೇಕಿತ್ತು. ಮೋಹನ್ ತಮ್ಮ ಮೊಬೈಲೇ ಕೊಟ್ಟು ಸ್ಪೀಕರ್ ಒತ್ತಿದರು. ತೃಪ್ತಿ ತೆಗೆದಳು. ನೀನು ಹೊರಗೆ ಹೋಗಿದ್ದೆ ಅಂತ ಕಾಣುತ್ತೆ.

"ತೃಪ್ತಿ ಕಂದಾ, ನಾನು ಅಜ್ಜ. ಊಟ ಆಯ್ತಾ ಪುಟ್ಟಾ?"

ಅಪ್ಪ ಇನ್ನೊಂದು ಸಲ, ನಿಧಾನವಾಗಿ ಕೇಳಿದರು. ಆಗ ಅವಳು, "ನಾನಾಜಿ, ಹಿಂದೀ ಮೇ ಬೋಲೋ ನಾ" ಅಂದಳು.

ಎಲ್ಲರೂ ನಕ್ಕರು. ಕುಹಕದಿಂದಲ್ಲ, ಮಗುವಿನ ದನಿಗೆ. ಮೋಹನ್ ಒಬ್ಬರೇ ನಗಲಿಲ್ಲ, ಬೇಗ ಸ್ಪೀಕರ್ ಆರಿಸಿದರು. ಅಪ್ಪ ಫೋನನ್ನು ಕಿವಿಗೆ ಹಿಡಿದು "ಅಚ್ಛಾ... ಅಚ್ಛಾ..." ಅಂದರು. ಅವರಿಗೆ ಬರೋದು ಅಷ್ಟೇ. ಎರಡೂ ಕೈಯಲ್ಲಿ ಫೋನು ವಾಪಸು ಕೊಟ್ಟು ಮೆಟ್ಟಿಲು ಇಳಿದುಹೋದರು.

ಅವಳು ನಿನಗೆ ಹೇಳಿದಳೋ ಇಲ್ಲವೋ, ಮಕ್ಕಳಿಗೆ ಅದೊಂದು ಸಂಗತಿಯೇ ಅಲ್ಲ. ಎರಡು ವರ್ಷದಿಂದ ಫೋನಿನಲ್ಲಿ ನೀನು "ತೃಪ್ತಿ ಮಲಗಿದಾಳೆ", "ಆಡೋಕೆ ಹೋಗಿದಾಳೆ" ಅಂದಾಗೆಲ್ಲ ಅಪ್ಪ ನಂಬುತ್ತಿದ್ದರು. ನಿನ್ನನ್ನು ಬೈಯೋಕೆ ಬರೆದದ್ದಲ್ಲ. ನನಗೂ ಕನಸು ಬೀಳೋದು ತಮಿಳಿನಲ್ಲೇ.

ನಿನ್ನೆ ಸಂಜೆ ಅಪ್ಪ ನನ್ನ ಮಂಚದ ಹತ್ತಿರ ಬಂದು ನಿಂತು, ಅಮ್ಮನಿಗೆ ಕೇಳದ ಹಾಗೆ, "ಊಟ ಆಯ್ತಾ ಅನ್ನೋಕೆ ಹಿಂದಿಯಲ್ಲಿ ಏನಂತಾರೋ?" ಅಂತ ಕೇಳಿದರು. ಹೇಳಿಕೊಟ್ಟೆ. ಬೆಳಗ್ಗೆಯಿಂದ ಬಾಯೊಳಗೇ ಹೇಳಿಕೊಳ್ಳುತ್ತಾ ಓಡಾಡ್ತಿದ್ದಾರೆ. ಈ ಭಾನುವಾರ ಅವರೇ ಫೋನ್ ಮಾಡ್ತಾರೆ. ನೀನು ತೆಗೀಬೇಡ ಅಕ್ಕ. ಅವಳೇ ತೆಗೀಲಿ.