ಎರೆಗಟ್ಟಿ ತಿರುವಿಗೆ ನೂರಕ್ಕೆ ನೂರು

ಎರೆಗಟ್ಟಿ ತಿರುವು,
ಎರಡು ಸಾವಿರದ ಇನ್ನೂರ ಮೂವತ್ತೊಂದನೆಯ ಇಸವಿ, ಎರಡನೆಯ ಬೇಸಿಗೆ

ಮುತ್ತಜ್ಜ ಮುತ್ತಜ್ಜಿಯರೇ,

ಹೀಗೆ ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಕೆಲವರಿಗೆ ಇನ್ನೂ ಮೀಸೆ ಮೂಡಿರಲಿಕ್ಕಿಲ್ಲ. ಆದರೂ ನಾನಿರುವಲ್ಲಿಂದ ನೋಡಿದರೆ ನೀವೆಲ್ಲ ಮುತ್ತಜ್ಜಂದಿರೇ. ತಾರೀಖು ನೋಡಿ ಗಾಬರಿಯಾಗುವುದೂ ಬೇಡ. ವರ್ಷಕ್ಕೆ ಎರಡು ಬೇಸಿಗೆ ಬರುವುದು ನಮಗೆ ಅಭ್ಯಾಸವಾಗಿದೆ. ನಿಮಗೆ ತಿಳಿಯದ ಪದ ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ಹಿಂಗಾಲದ ಟಪಾಲಿನಲ್ಲಿ, ಅಂದರೆ ಕಾಲದ ಹರಿವಿಗೆ ಎದುರಾಗಿ ಹೋಗುವ ಟಪಾಲಿನಲ್ಲಿ ಬರುತ್ತದೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ ಹಾಕಲು ಅವಕಾಶ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಅಕ್ಕ ಇನ್ನೂ ಬದುಕಿದ್ದಾಳೆ.

ನನ್ನ ಹೆಸರು ನೀಲಗಂಗಾ, ಅಕ್ಕ ಶಂಕ್ರವ್ವ. ಅವಳ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರ ವಾರ ಪಟ್ಟಣದ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಹೋಗಲು ಇರುವುದು ಸಾಲುಬಂಡಿ ಒಂದೇ. ಸಾಲುಬಂಡಿ ಅಂದರೆ ಒಂದರ ಬೆನ್ನಿಗೊಂದು ತಗುಲಿಕೊಂಡು, ಓಡಿಸುವವರಿಲ್ಲದೆ ತಾವೇ ಓಡುವ ಬಸ್ಸುಗಳು. ಸ್ವಂತ ಗಾಡಿಗಳ ಕಾಲ ಯಾವಾಗಲೋ ಮುಗಿಯಿತು. ದಾರಿಯ ಎರಡೂ ಬದಿಗೆ ಬೇಲಿ ಇದೆ, ನಡೆದು ಹೋಗುವಂತೆಯೂ ಇಲ್ಲ. ಬಂಡಿ ಚೆನ್ನಾಗಿದೆ, ಸುಳ್ಳು ಹೇಳಬಾರದು. ಒಳಗೆ ತಂಪು, ಟಿಕೆಟ್ಟಿಲ್ಲ, ಒಂದು ದಿನವೂ ತಡವಾಗಿ ಬಂದದ್ದಿಲ್ಲ.

ತಡವಾಗದಿರುವುದೇ ನಮ್ಮ ಕೇಡು. ಬಂಡಿಯ ಹಣೆಯ ಮೇಲೆ ಅಂಕಗಣ್ಣು ಎಂಬುದೊಂದು ಇರುತ್ತದೆ. ಯಾವ ನಿಲ್ದಾಣ ಬಂಡಿಯನ್ನು ಎಷ್ಟು ಹೊತ್ತು ಹಿಡಿದಿಟ್ಟಿತು, ಎಷ್ಟು ಸೀಟು ತುಂಬಿಸಿತು ಎಂದು ಅದು ನೋಡಿ ಅಂಕ ಹಾಕುತ್ತದೆ. ಅಂಕ ತೀರ ಇಳಿದರೆ ನಿಲ್ದಾಣವನ್ನು ಅಳಿಸುತ್ತಾರೆ. ಅಳಿಸುವುದು ಅಂದರೆ ಏನೂ ಒಡೆಯುವುದಿಲ್ಲ. ಚಾವಣಿ, ಬೆಂಚು ಎಲ್ಲ ಹಾಗೇ ಇರುತ್ತವೆ. ಬಂಡಿ ಮಾತ್ರ ನಿಲ್ಲುವುದಿಲ್ಲ.

ಅದಕ್ಕೆ ನಮ್ಮೂರಲ್ಲಿ ಸುಮ್ಮಸವಾರಿ ಎಂಬ ಪದ್ಧತಿ ಬೆಳೆಯಿತು. ಸೀಟು ತುಂಬಿರಲಿ ಎಂದು, ಕೆಲಸವಿಲ್ಲದಿದ್ದರೂ ಪಾಳಿಯ ಮೇಲೆ ಹತ್ತಿ ಒಂದು ಸುತ್ತು ಹೋಗಿ ಬರುವುದು. ಹೆಂಗಸರು ಸೊಪ್ಪು ಸೋಸುತ್ತ, ಹರಿದದ್ದನ್ನು ಹೊಲಿಯುತ್ತ ಹೋಗಿಬರುತ್ತಾರೆ. ಮನೆಯಲ್ಲಿ ಜಗಳವಾದವರು ಬೇರೆಯವರ ಪಾಳಿಯನ್ನೂ ಕೇಳಿ ಪಡೆಯುತ್ತಾರೆ. ಹತ್ತುವುದರಲ್ಲಿ ತಡವಾಗಬಾರದೆಂದು ಹನುಮಪ್ಪನ ಗುಡಿಯ ಮುಂದೆ ಬಂಡಿಯದೇ ಅಳತೆಯ ಮರದ ಮೆಟ್ಟಿಲು ಮಾಡಿಸಿದ್ದೇವೆ. ಸೆರಗು ಸಿಕ್ಕಿಸಿಕೊಂಡು, ಚೀಲ ಎದೆಗೆ ಅವುಚಿಕೊಂಡು, ಊರೆಲ್ಲ ಅಲ್ಲಿ ಹತ್ತಿ ಇಳಿದು ರೂಢಿ ಮಾಡುತ್ತದೆ. ಕಲಿಸುವವಳು ನಾನು. ನನ್ನನ್ನು ಹತ್ತಿಸುವಾಕೆ ಅನ್ನುತ್ತಾರೆ, ಊರಲ್ಲಿ ಮರ್ಯಾದೆಯೂ ಇದೆ.

ಅಕ್ಕನ ಮೊಣಕಾಲು ಬಗ್ಗುವುದಿಲ್ಲ. ಒಂದು ಕಾಲಿಟ್ಟು, ಉಸಿರು ತೆಗೆದುಕೊಂಡು, ಇನ್ನೊಂದನ್ನು ಕೈಯಿಂದ ಎತ್ತಿಡಬೇಕು. ಎತ್ತಿ ಹತ್ತಿಸೋಣವೆಂದರೆ, ಮೆಟ್ಟಿಲಿಗೆ ಪಾದ ತಾಗದವರನ್ನು ಅಂಕಗಣ್ಣು ಸಾಮಾನಿನ ಲೆಕ್ಕಕ್ಕೆ ಸೇರಿಸುತ್ತದೆ. ಹೆಚ್ಚು ಸಾಮಾನಿಗೂ ಅಂಕ ಕಡಿತ. ಹೀಗಿರುವಾಗ ನಮ್ಮ ಎರೆಗಟ್ಟಿ ತಿರುವಿನ ನಿಲ್ದಾಣಕ್ಕೆ ಕೊನೆಯ ಎಚ್ಚರಿಕೆ ಬಂತು. ಊರವರು ಸಭೆ ಕೂಡಿದರು. ಮುದುಕರು, ದಿನ ತುಂಬಿದ ಬಸುರಿಯರು, ಊರುಗೋಲಿನವರು ಸ್ವಲ್ಪ ಕಾಲ ಮನೆಯಲ್ಲೇ ಇರಲಿ, ಅಂಕ ಏರಿದ ಮೇಲೆ ಹತ್ತಲಿ ಎಂದು ತೀರ್ಮಾನವಾಯಿತು. ಊರಿನ ಹಿರಿಯ ವಿರುಪಣ್ಣ ನನ್ನ ಮುಖ ನೋಡಲಾರದೆ ನೆಲ ನೋಡಿಕೊಂಡು ಹೇಳಿದ: “ನಿಮ್ಮ ಅಕ್ಕಗ ನೀನ ತಿಳಿಸಿ ಹೇಳವಾ. ನಿಲ್ದಾಣನ ಹೋತಂದ್ರ ಆಕೀನೂ ಹೋಗಾಂಗಿಲ್ಲ, ನಾವೂ ಹೋಗಾಂಗಿಲ್ಲ.” ಅವನು ಕೆಟ್ಟವನಲ್ಲ. ಅವನ ತಾಯಿಯೂ ಅಂದಿನಿಂದ ಮನೆಯಲ್ಲೇ ಇದ್ದಾಳೆ.

ಅಂಕ ಏರಿತು. ಎರೆಗಟ್ಟಿ ತಿರುವಿಗೆ ನೂರಕ್ಕೆ ನೂರು! ನಿಧಾನದವರೆಲ್ಲ ಮನೆ ಸೇರಿದ ಮೇಲೆ ಏರದೆ ಏನು ಮಾಡೀತು? ಊರು ಹೋಳಿಗೆ ಮಾಡಿ ಹಂಚಿತು. ಅಕ್ಕನಿಗೆ ಆಗಲೇ ಆಸ್ಪತ್ರೆಯ ಒಂದು ಸರದಿ ತಪ್ಪಿತ್ತು, ಮುಖ ಊದಿಕೊಂಡಿತ್ತು. ನಾನು ಬೇಡವೆಂದರೂ ಹೋಳಿಗೆಯ ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡು ಅಂದಳು: “ಫಸ್ಟ್ ಬಂದೀವಂತಲ್ಲ, ಅದ್ರಾಗ ನಂದೂ ಪಾಲು ಐತಿ.”

ಇನ್ನು ಅವಳನ್ನು ಹತ್ತಿಸಬಹುದೆಂದು ನಾನು ಸೀರೆ ಮಡಿಸಿ ಇಟ್ಟಿದ್ದೆ. ಅಷ್ಟರಲ್ಲಿ ಪಟ್ಟಣದ ಸಾಲುಬಂಡಿ ಕಚೇರಿಯಿಂದ ಅಭಿನಂದನೆ ಬಂತು. ಎರೆಗಟ್ಟಿಯವರು ಇಷ್ಟು ಬೇಗ ಹತ್ತಬಲ್ಲರೆಂದು ಸಾಬೀತಾಗಿದೆ, ಆದ್ದರಿಂದ ಇನ್ನು ಮುಂದೆ ಬಾಗಿಲು ಅಷ್ಟೇ ಹೊತ್ತು ತೆರೆದಿರುತ್ತದೆ ಎಂದು. ನಮ್ಮ ಚುರುಕೇ ನಮಗೆ ಉರುಳಾಯಿತು. ಈಗ ಕಂಕುಳಲ್ಲಿ ಕೂಸಿದ್ದವಳೂ ನಿಲ್ದಾಣದಲ್ಲೇ ಉಳಿಯುತ್ತಾಳೆ. ಅಕ್ಕನಿಗೆ ಇನ್ನೊಂದು ಸರದಿಯೂ ತಪ್ಪಿತು. ಈ ಮಧ್ಯಾಹ್ನ ಅವಳು ನನ್ನ ಪಕ್ಕದಲ್ಲೇ ದಿಂಬಿಗೆ ಒರಗಿ ಕೂತಿದ್ದಾಳೆ, ಮಲಗಿದರೆ ಉಸಿರು ಕಟ್ಟುತ್ತದೆ. ಪಾದದ ಮೇಲೆ ಬೆರಳು ಒತ್ತಿದರೆ ಕುಳಿ ಹಾಗೇ ಉಳಿಯುತ್ತದೆ. ನನಗೆ ಹೆದರಿಕೆಯಾಗುತ್ತಿದೆ, ಮುತ್ತಜ್ಜಂದಿರೇ.

ಕಚೇರಿಗೆ ಹೋಗಿ ಕಾಲು ಹಿಡಿದು ಕೇಳಿದೆ. ಅಲ್ಲಿದ್ದವನು ಸಭ್ಯ, ಕೂರಿಸಿ ನೀರು ಕೊಟ್ಟ. ಅಂಕ ಹಾಕುವ ಸೂತ್ರ ನಮ್ಮ ಕಾಲದ್ದಲ್ಲವಂತೆ, ನಿಮ್ಮ ಕಾಲದ್ದಂತೆ. ಬರೆದವರೇ ತಿದ್ದಬೇಕು, ಬೇರೆ ಯಾರೂ ಮುಟ್ಟಬಾರದು ಎಂದು ಅದರ ಕೊನೆಯಲ್ಲಿ ನೀವೇ ಹಾಕಿದ್ದೀರಂತೆ. ಹಾಳು ಮಾಡುವವರು ಬಂದಾರೆಂಬ ಭಯಕ್ಕೆ ಹಾಕಿರಬೇಕು. ನೀವು ಕೆಟ್ಟವರೆಂದು ನಾನು ಹೇಳುವುದಿಲ್ಲ. ಬಸ್ಸಿಗೆ ಕಾದು ಕಾದು ಬೇಸತ್ತವರೇ ಇರಬೇಕು ನೀವು. ಆದರೆ ಹತ್ತಿದವರನ್ನು ಎಣಿಸಿದಿರಿ, ಹತ್ತಲಾಗದೆ ನಿಂತವರನ್ನು ಎಣಿಸಲಿಲ್ಲ. ನಮ್ಮ ಅಂಕಗಣ್ಣು ಮುಂದಕ್ಕಷ್ಟೇ ನೋಡುತ್ತದೆ; ಬಂಡಿ ಹೊರಟ ಮೇಲೆ ಬೆಂಚಿನ ಮೇಲೆ ಯಾರು ಉಳಿದರೆಂದು ಅದಕ್ಕೆ ಗೊತ್ತೇ ಇಲ್ಲ.

ನಾಳೆ ಅಕ್ಕನ ಸರದಿ. ಊರಿಗೆ ಹೇಳದೆ ಒಂದು ನಿಶ್ಚಯ ಮಾಡಿದ್ದೇನೆ. ಮೊದಲು ನಾನು ಹತ್ತಿ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಮನುಷ್ಯರು ಅಡ್ಡವಿದ್ದರೆ ಬಂಡಿ ಹೊರಡುವುದಿಲ್ಲ, ಅಷ್ಟು ಒಳ್ಳೆಯತನ ನೀವು ಅದಕ್ಕೆ ಕಲಿಸಿದ್ದೀರಿ. ಅಕ್ಕ ಒಂದೊಂದೇ ಕಾಲಿಟ್ಟು ಹತ್ತುತ್ತಾಳೆ. ಕೊನೆಯ ಎಚ್ಚರಿಕೆ ಪಡೆದವರು ಬಂಡಿಯನ್ನು ಒಮ್ಮೆ ತಡೆದರೂ ಗಳಿಸಿದ ಅಂಕವೆಲ್ಲ ಹೋಗುತ್ತದೆ; ಸಂಜೆಯೊಳಗೆ ನಮ್ಮ ನಿಲ್ದಾಣ ಅಳಿಸಿಹೋಗುತ್ತದೆ. ನಾನು ಹತ್ತಲು ಕಲಿಸಿದ ಮಕ್ಕಳೇ ನನಗೆ ಶಾಪ ಹಾಕುತ್ತಾರೆ, ಅವರದೇನೂ ತಪ್ಪಿಲ್ಲ.

ನಾಳೆಯ ಒಂದು ದಿನವನ್ನು ನಾನು ಹೇಗೋ ಗಿಟ್ಟಿಸುತ್ತೇನೆ. ಅದರ ಮುಂದಿನ ವಾರ ಅವಳಿಗೆ ಬಂಡಿ ನಿಲ್ಲಬೇಕಾದರೆ ಅದು ನಿಮ್ಮಿಂದ ಮಾತ್ರ ಆಗುತ್ತದೆ. ಇನ್ನೂ ಸೂತ್ರ ಬರೆಯುತ್ತಿದ್ದೀರಾದರೆ ಪೆನ್ನು ಕೆಳಗಿಟ್ಟು ಯಾವುದಾದರೂ ನಿಲ್ದಾಣಕ್ಕೆ ಹೋಗಿ ಕೂತುಕೊಳ್ಳಿ. ಬಸ್ಸು ಹೋದ ಮೇಲೂ ಏಳಬೇಡಿ. ಅಲ್ಲಿ ಉಳಿದವರ ಪಕ್ಕ ನನ್ನ ಅಕ್ಕನಿಗೂ ಒಂದು ಜಾಗವಿಟ್ಟು ಬರೆಯಿರಿ. ಅವಳು ನಿಧಾನ. ಸ್ವಲ್ಪ ಕಾಯಿರಿ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ನೀಲಗಂಗಾ